ತೂತಿನ ತೂಕ

ಗುಮಾಸ್ತ: ಮೇಡಂ, ಗ್ಯಾಸ್ ಸಿಗಲಿಲ್ಲ ಅಂದ್ಮೇಲೆ ಆ ಬಾವಿ ಬರೀ ತೂತು. ಮುಚ್ಚಿ ಅಂತ ಆರ್ಡರ್ ಬಂದಿದೆ, ಮುಚ್ತೀವಿ.

ವಿಜ್ಞಾನಿ: ನಾಲ್ಕು ಕಿಲೋಮೀಟರ್ ಆಳ ಸಾರ್! ಸರ್ಕಾರ ಗ್ಯಾಸಿಗೆ ಅಂತ ಕೊರೆಸಿದ್ದು ನಮ್ಮ ಪುಣ್ಯ. ನಮ್ಮ ಸಂಸ್ಥೇಲಿ ಒಂದು ಗುದ್ದಲಿ ಬೇಕಂದ್ರೂ ಮೂರು ಸಲ ಅರ್ಜಿ ಹಾಕ್ಬೇಕು. ಉಪಕರಣ ಇಳಿಸಿ ಬಂಡೆ ಎಷ್ಟು ಬಿಸಿಯಿದೆ, ಎಲ್ಲಿ ಬಿರುಕು ಬಿಟ್ಟಿದೆ ನೋಡ್ತೀನಿ. ನಾವು ನಿಂತಿರೋ ಈ ಭೂಖಂಡ ಒಳಗೆ ಹೇಗಿದೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಗುಮಾಸ್ತ: ಇಷ್ಟು ದಿನ ಗೊತ್ತಿಲ್ದೇನೇ ನಿಂತಿಲ್ವಾ? ಬಿದ್ದೋದ್ವಾ?

(ತಗಡಿನ ಶೆಡ್ಡಿನ ಹೊರಗೆ ಸಿಮೆಂಟ್ ಲಾರಿ ಗುರುಗುಟ್ಟುತ್ತಾ ನಿಂತಿದೆ. ಅದು ಸುರಿದರೆ ಈಕೆಯ ಹನ್ನೆರಡು ವರ್ಷದ ಆಸೆ ಮಣ್ಣುಪಾಲು. ಈ ಮಹಾನುಭಾವನಿಗೋ ಕಿವಿ ಕೆರೆದುಕೊಳ್ಳೋದೇ ಕೆಲಸ.)

ವಿಜ್ಞಾನಿ: ಒಂದೇ ಒಂದು ತಿಂಗಳ ಮಟ್ಟಿಗೆ ಕೊಡಿ ಸಾರ್.

ಗುಮಾಸ್ತ: ಫಾರಂ ತುಂಬಿ. ಸಾಮಾನು, ತೂತು. ಸಂಖ್ಯೆ, ಒಂದು. ತೂಕ?

ವಿಜ್ಞಾನಿ: ತೂತಿಗೆ ತೂಕ ಎಲ್ಲಿಂದ ತರ್ಲಿ?

ಗುಮಾಸ್ತ: ಮತ್ತೆ ಪೂರ್ತಿ ವಾಪಸ್ ಕೊಟ್ರಿ ಅಂತ ಹೇಗೆ ನಂಬೋದು? ಸವೆಸಿಬಿಟ್ರೆ?

ವಿಜ್ಞಾನಿ: ಸವೆದ್ರೆ ದೊಡ್ಡದೇ ಆಗತ್ತಲ್ರೀ!

ಗುಮಾಸ್ತ: ಹೆಚ್ಚಿಗೆ ಬಂದ ತೂತು ಇಡೋಕೆ ಇಲ್ಲಿ ಜಾಗ ಎಲ್ಲಿದೆ?

ಲಾರಿ ಡ್ರೈವರ್ (ಬಾಗಿಲಲ್ಲಿ ತಲೆ ತೂರಿಸಿ): ಬೇಗ ಹೇಳ್ರಪ್ಪಾ! ಸಿಮೆಂಟು ಗಟ್ಟಿಯಾದ್ರೆ ತೂತು ಹಾಗೇ ಉಳಿಯತ್ತೆ, ನನ್ನ ಲಾರಿ ಮುಚ್ಚಿಹೋಗತ್ತೆ!

(ಗುಮಾಸ್ತ ಫೈಲು, ಮೊಹರು ಹಿಡಿದು ಬಾವಿಯ ಬಾಯಿಗೆ ನಡೆದ. ಮುಚ್ಚೋ ಮೊದಲು 'ಖಾಲಿ ಇದೆ' ಅಂತ ಕಣ್ಣಾರೆ ನೋಡಿ ಮೊಹರು ಒತ್ತಬೇಕು, ಅದು ನಿಯಮ. ಬಗ್ಗಿದ. ಬೆವರಿದ ಕೈಯಿಂದ ಮೊಹರು ಜಾರಿತು. ಟಣ್. ಟಣ್. ಆಮೇಲೆ ಸದ್ದೇ ಇಲ್ಲ.)

ಗುಮಾಸ್ತ: ಅಯ್ಯಯ್ಯೋ! ಕಚೇರಿ ಮೊಹರು!

ಡ್ರೈವರ್: ಸುರೀಲಾ?

ಗುಮಾಸ್ತ: ಮುಟ್ಟಿದ್ರೆ ಹುಷಾರ್! ಒಳಗೆ ಸರ್ಕಾರಿ ಸಾಮಾನಿದೆ. ತೂತು ಖಾಲಿ ಇಲ್ಲ!

(ಡ್ರೈವರ್ ತಲೆ ಚಚ್ಚಿಕೊಂಡು ಲಾರಿ ತಿರುಗಿಸಿದ.)

ಗುಮಾಸ್ತ: ಮೇಡಂ, ಕೈ ಮುಗೀತೀನಿ. ಅದೇನೋ ಇಳಿಸಿ ನೋಡ್ತೀನಿ ಅಂದ್ರಲ್ಲ, ಇಳಿಸಿ. ಹುಡುಕಿಕೊಡಿ. ನನ್ನ ನೌಕರಿ ಹೋಗತ್ತೆ.

ವಿಜ್ಞಾನಿ: ಒಂದೊಂದು ಅಡೀನೂ ನೋಡ್ಬೇಕಾಗತ್ತೆ ಸಾರ್.

ಗುಮಾಸ್ತ: ನೋಡಿ ತಾಯೀ! ಎಷ್ಟು ದಿನ ಬೇಕು?

ವಿಜ್ಞಾನಿ: ಐದು ವರ್ಷ.

ಗುಮಾಸ್ತ: ಅಷ್ಟರೊಳಗೆ ಸಿಗತ್ತಾ?

ವಿಜ್ಞಾನಿ (ಆಗಲೇ ಉಪಕರಣ ಇಳಿಬಿಡುತ್ತಾ): ಸಿಗದ ಹಾಗೆ ನೋಡ್ಕೋತೀನಿ.