ಬಲ ಇಪ್ಪತ್ತು, ಬುದ್ಧಿ ಮೂರು

ಅನುಮಾನದ ಜನರ ನಡುವೆ ನೌಕರಿ ಮಾಡಿದವನಿಗೆ ತಮಾಷೆಗೆ ಬರ ಬರುವುದಿಲ್ಲ. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಇನ್ನೊಂದು ತಯಾರಾಗಿರುತ್ತದೆ. ನಾನು ಹೊನ್ನಾಳಿ-ನ್ಯಾಮತಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇವನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಎಂದು ಅಲ್ಲಿಯವರು ಈಗಲೂ ತಲೆ ಕೆಡಿಸಿಕೊಳ್ಳುತ್ತಾರೆ. ನಾನೂ ಏನು ಕಡಿಮೆಯವನಲ್ಲ. ಯಾರಾದರೂ ಸುಮ್ಮನೆ ಕರೆದು ಟೀ ಕೊಡಿಸಿದರೆ, ಲೋಟ ಖಾಲಿಯಾಗುವವರೆಗೂ ಈತನಿಗೆ ನನ್ನಿಂದ ಏನಾಗಬೇಕಿದೆ ಎಂದು ಯೋಚಿಸುವ ಆಸಾಮಿ.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾದ ಮೇಲೆ ಮೂರು ವರ್ಷ ಅವಳು ಚನ್ನಗಿರಿಯಲ್ಲಿ, ನಾನು ಇಲ್ಲಿ. ಬರೀ ಭಾನುವಾರದ ಗಂಡನಾಗಿದ್ದೆ. ಕಂಡಕಂಡವರಿಗೆ ಕೈಮುಗಿದು, ಅರ್ಜಿ ಮೇಲೆ ಅರ್ಜಿ ಕೊಟ್ಟು, ಅಂತೂ ಅವಳಿಗೆ ನಾನಿದ್ದ ಊರಿಗೇ ವರ್ಗವಾಯಿತು. ಇನ್ನು ನನ್ನನ್ನು ಯಾರೂ ಎತ್ತಿ ಬೇರೆ ಕಡೆ ಒಗೆಯದಿದ್ದರೆ ಸಾಕು ಎನ್ನುವುದೊಂದೇ ನನ್ನ ಆಸೆ. ಅಷ್ಟರಲ್ಲಿ ನಮ್ಮ ಶಾಲೆಗೆ ಕಂಪ್ಯೂಟರ್ ಬಂತು.

೧. ಪೆಟ್ಟಿಗೆ

ಬಂತು ಎಂದರೆ ನಾನೇ ತಂದೆ. ಎರಡು ವಾರದ ತರಬೇತಿ ಮುಗಿಸಿ, ಒಂದು ಪೆಟ್ಟಿಗೆಯಲ್ಲಿ ಯಂತ್ರ, ಇನ್ನೊಂದರಲ್ಲಿ ಅದರ ಟೀವಿ ಇಟ್ಟುಕೊಂಡು ಬಸ್ಸು ಹತ್ತಿದೆ. ಬಸ್ಸಿನ ತುಂಬ ಸೂರಗೊಂಡನಕೊಪ್ಪಕ್ಕೆ ಹೊರಟ ಯಾತ್ರಿಕರು. ಕಾಲಿಡಲು ಜಾಗವಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಪಕ್ಕದಲ್ಲಿದ್ದ ಅಜ್ಜಿ ಕೇಳಿದರು, "ಏನಪ್ಪ ಐತೆ ಅದ್ರಾಗೆ?"

"ಲೆಕ್ಕ ಮಾಡೋ ಯಂತ್ರ ಅಜ್ಜಿ."

"ಏನು ಲೆಕ್ಕ ಮಾಡ್ತೈತೆ?"

"ಏನು ಕೊಟ್ಟರೂ ಮಾಡುತ್ತೆ."

"ಮಕ್ಕಳನ್ನೂ ಲೆಕ್ಕ ಹಾಕ್ತೈತಾ?"

ನಾನು ವಿದ್ಯಾರ್ಥಿಗಳನ್ನು ನೆನೆಸಿಕೊಂಡು ಹಾಕುತ್ತೆ ಎಂದುಬಿಟ್ಟೆ. ಮುಂದಿನ ಸೀಟಿನಲ್ಲಿದ್ದ ನಮ್ಮೂರಿನವನೊಬ್ಬ ತಿರುಗಿ ನೋಡಿದ. "ಇವ್ರ ಮನೆಯೋರು ಆಸ್ಪತ್ರಿ ನರ್ಸಮ್ಮ," ಎಂದು ಅಜ್ಜಿಗೆ ಮೆಲ್ಲಗೆ ಹೇಳಿದ.

ಅಷ್ಟು ಸಾಕಾಯಿತು. ಆಗ ಕುಟುಂಬ ಯೋಜನೆಯ ಕ್ಯಾಂಪು ಎಂದರೆ ಗಂಡಸರು ಹೊಲದ ದಾರಿ ಹಿಡಿಯುತ್ತಿದ್ದ ಕಾಲ. ನರ್ಸಮ್ಮನ ಗಂಡ ಮಕ್ಕಳನ್ನು ಲೆಕ್ಕ ಹಾಕುವ ಯಂತ್ರ ತಂದಿದ್ದಾನೆ, ಮೂರಕ್ಕಿಂತ ಹೆಚ್ಚಿದ್ದರೆ ಅದು ಕೂಗುತ್ತದೆ ಎಂದು ಊರೆಲ್ಲ ಸುದ್ದಿಯಾಯಿತು. ಆ ತಿಂಗಳ ಪೋಷಕರ ಸಭೆಗೆ ಬಂದವರು ಇಬ್ಬರೇ. ಒಬ್ಬರು ಎಂಬತ್ತು ದಾಟಿದ ಅಜ್ಜ. ಇನ್ನೊಬ್ಬರು ಆಗಲೇ ಆಪರೇಷನ್ ಆದವರು, ಸರ್ಟಿಫಿಕೇಟನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದರು.

೨. ಎಲ್ಲರೂ ಎದ್ದು ನಿಂತದ್ದು

ಆ ಯಂತ್ರಕ್ಕೆ ಪಾಠಗಳನ್ನು ಕ್ಯಾಸೆಟ್ಟಿನಿಂದ ಊಡಿಸಬೇಕಿತ್ತು. ಟೇಪ್ ರೆಕಾರ್ಡರಿಗೆ ವೈರು ಸಿಕ್ಕಿಸಿ ಹಾಕಿದರೆ ಐದಾರು ನಿಮಿಷ ಕುಡಿದು, ಆಮೇಲೆ ಟೀವಿಯಲ್ಲಿ ಅಕ್ಷರ ಮೂಡುತ್ತಿತ್ತು. ಪಾಠದ ಕ್ಯಾಸೆಟ್ಟುಗಳ ನಡುವೆ ಅದು ಹೇಗೋ ಒಂದು ಆಟದ ಕ್ಯಾಸೆಟ್ಟೂ ಸೇರಿಕೊಂಡಿತ್ತು. ಚಿತ್ರವಿಲ್ಲ, ಬರೀ ಇಂಗ್ಲಿಷ್ ಬರಹ. ಮೊದಲು ನೀನೊಬ್ಬ ಮನುಷ್ಯನನ್ನು ಕಟ್ಟಬೇಕು. ಯೋಧನೋ, ಮಾಂತ್ರಿಕನೋ, ಕಳ್ಳನೋ ನಿನ್ನ ಇಷ್ಟ. ಅವನಿಗೆ ಒಟ್ಟು ನಲವತ್ತು ಅಂಕ. ಅದರಲ್ಲೇ ಬಲ, ಬುದ್ಧಿ, ಧೈರ್ಯ, ಅದೃಷ್ಟಕ್ಕೆ ಹಂಚಬೇಕು. ಆಮೇಲೆ ಅವನು ರಾಕ್ಷಸನಿರುವ ಗುಹೆಗೆ ಇಳಿಯುತ್ತಾನೆ. ನಾವು ಒಂದೊಂದೇ ಮಾತು ಒತ್ತುತ್ತಾ ಅವನನ್ನು ನಡೆಸಬೇಕು. ಯಂತ್ರ ಕಲಿಯುವ ನೆಪದಲ್ಲಿ ನಾನು ಒಬ್ಬ ಯೋಧನನ್ನು ಕಟ್ಟಿ, ಅರ್ಧ ಗುಹೆ ದಾಟಿಸಿ, ಇನ್ನೊಂದು ಕ್ಯಾಸೆಟ್ಟಿನಲ್ಲಿ ತುಂಬಿಸಿ ಇಟ್ಟಿದ್ದೆ.

ಆಗಸ್ಟ್ ಹದಿನೈದಕ್ಕೆ ಪ್ರಾರ್ಥನೆಯ ಕ್ಯಾಸೆಟ್ ಹಾಕುವ ಕೆಲಸ ನಮ್ಮ ಡ್ರಿಲ್ ಮೇಷ್ಟ್ರದು. ಅವರು ಅದರ ಬದಲು ನನ್ನ ಯೋಧನನ್ನು ಹಾಕಿದರು. ಯಂತ್ರಕ್ಕೆ ಮಾತ್ರ ತಿಳಿಯುವ ಭಾಷೆ ಮೈಕಿನಲ್ಲಿ ಕೀ ಎಂದು ಶುರುವಾಯಿತು. ನೂರು ಸೀಮೆಸುಣ್ಣಗಳನ್ನು ಒಟ್ಟಿಗೇ ಬೋರ್ಡಿನ ಮೇಲೆ ಗೀಚಿದ ಸದ್ದು. ಏನೋ ಎಡವಟ್ಟಾಗಿದೆ ಎಂದು ಡ್ರಿಲ್ ಮೇಷ್ಟ್ರಿಗೂ ಗೊತ್ತಾಯಿತು. ಆದರೆ ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಎದೆ ಸೆಟೆಸಿ, "ಸಾವಧಾನ್!" ಎಂದು ಕೂಗಿದರು.

ಮುಖ್ಯ ಅತಿಥಿಗಳು ಎದ್ದು ನಿಂತರು. ಅವರನ್ನು ನೋಡಿ ಹೆಡ್ಮಾಸ್ಟರು, ಹೆಡ್ಮಾಸ್ಟರನ್ನು ನೋಡಿ ಊರಿನ ಹಿರಿಯರು. ಇದು ದೆಹಲಿಯಿಂದ ಬಂದ ಹೊಸ ಗೀತೆ ಇದ್ದರೂ ಇರಬಹುದು, ಕೂತರೆ ನಮ್ಮ ಮೇಲೆ ರಿಪೋರ್ಟು ಹೋದೀತು ಎಂದು ಪ್ರತಿಯೊಬ್ಬರಿಗೂ ಅನುಮಾನ. ಪೂರ್ತಿ ನಾಲ್ಕು ನಿಮಿಷ ಯಾರೂ ಅಲುಗಾಡಲಿಲ್ಲ. ಮುಗಿದ ಮೇಲೆ ಮುಖ್ಯ ಅತಿಥಿಗಳು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ಸಾಹಿತ್ಯ ಅಷ್ಟು ತಿಳಿಯಲಿಲ್ಲ, ಆದ್ರೆ ರಾಗ ಬಾಳ ಚೆನ್ನಾಗೈತೆ," ಎಂದರು.

೩. ಎರಡು ವರ್ಷ ನಿಂತವನು

ಅದಾದ ಮೇಲೆ ಹೆಡ್ಮಾಸ್ಟರು ಯಂತ್ರದ ಕೋಣೆಗೆ ಬೀಗ ಜಡಿದರು. ಅವರು ಸೂಳೆಕೆರೆ ಕಡೆಯವರು. ತಳ ಕಾಣುವ ನೀರಿನಲ್ಲೂ ಮೊದಲು ಕೋಲು ಬಿಟ್ಟು ಆಳ ನೋಡುವ ಮನುಷ್ಯ. ಶಾಲೆಯ ಬೀಗದ ಕೈಗಳೆಲ್ಲ ಅವರ ಸೊಂಟದಲ್ಲೇ. ನೀರಿನ ಹೂಜಿಯ ಮುಚ್ಚಳಕ್ಕೂ ಬೀಗ ಹಾಕಿಸಿದ್ದರು ಎಂದರೆ ನೀವು ನಂಬುವುದಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ದಿನ ನನ್ನನ್ನು ಕರೆದರು. "ರೀ ಮೇಷ್ಟ್ರೇ, ಇನ್ಸ್‌ಪೆಕ್ಷನ್‌ಗೆ ಸಾಹೇಬ್ರು ಬರ್ತಾರಂತೆ. ಆ ಮಿಷನ್ನು ನಡೀತಿರಬೇಕು. ಹೆಂಗಾರ ಮಾಡಿ ನಡಸ್ರಿ."

ಬೀಗ ತೆಗೆದು ನೋಡಿದರೆ ಪಾಠದ ಕ್ಯಾಸೆಟ್ಟುಗಳಿಗೆಲ್ಲ ಬೂಷ್ಟು. ಓಡಿದ್ದು ಆಟದ ಎರಡು ಕ್ಯಾಸೆಟ್ಟುಗಳು ಮಾತ್ರ. ನನ್ನ ಹಳೆಯ ಯೋಧನೂ ಬಂದ. ಕೈಯಲ್ಲಿ ದೀಪ ಹಿಡಿದು, ನಾನು ಬಿಟ್ಟುಹೋದ ಮೂಲೆಯಲ್ಲೇ ಎರಡು ವರ್ಷ ನಿಂತಿದ್ದಾನೆ, ಪಾಪ. ನನಗೆ ನಿಜಕ್ಕೂ ಸಂಕಟವಾಯಿತು. ಇವನನ್ನು ಎಲ್ಲಿಗೆ ಕರೆದುಕೊಂಡು ಹೊರಟಿದ್ದೆ, ಯಾಕೆ ಹೊರಟಿದ್ದೆ ಒಂದೂ ನೆನಪಿಲ್ಲ. ಇರಲಿ, ಒಂದು ಹೆಜ್ಜೆ ಮುಂದೆ ಹಾಕು ಎಂದೆ. ಹಾಕಿದ. ಹಾವಿನ ಬಾಲ ತುಳಿದು ಸತ್ತ. ಎರಡು ವರ್ಷ ನನ್ನ ಕೈಗೆ ಸಿಗದೆ ಸುಖವಾಗಿದ್ದವನನ್ನು ಬಂದ ಐದೇ ನಿಮಿಷಕ್ಕೆ ಕೊಂದಿದ್ದೆ.

೪. ಪಟ್ಟಿ

ಹೊಸದಾಗಿ ಕಟ್ಟಬೇಕಾಯಿತು. ಈ ಸಲ ಒಬ್ಬನಲ್ಲ, ಮೂವರು. ಕತ್ತಿ ಹಿಡಿಯಲು ಯೋಧ, ಮಂತ್ರ ಹಾಕಲು ಮಾಂತ್ರಿಕ, ಬೀಗ ತೆಗೆಯಲು ಕಳ್ಳ. ಯಾರನ್ನಾದರೂ ಮನಸ್ಸಿನಲ್ಲಿಟ್ಟುಕೊಂಡರೆ ಅಂಕ ಹಂಚುವುದು ಸುಲಭ. ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆದೆ:

ಡ್ರಿಲ್ ಮೇಷ್ಟ್ರು, ಯೋಧ. ಬಲ ೨೦, ಬುದ್ಧಿ ೩, ಧೈರ್ಯ ೧೨, ಅದೃಷ್ಟ ೫.

ಗುಮಾಸ್ತರು, ಮಾಂತ್ರಿಕ. ಬಲ ೩, ಬುದ್ಧಿ ೨೦, ಧೈರ್ಯ ೭, ಅದೃಷ್ಟ ೧೦.

ಹೆಡ್ಮಾಸ್ಟರು, ಕಳ್ಳ. ಬಲ ೬, ಬುದ್ಧಿ ೧೨, ಧೈರ್ಯ ೪, ಅದೃಷ್ಟ ೧೮.

ಗುಮಾಸ್ತರನ್ನು ಮಾಂತ್ರಿಕ ಮಾಡಿದ್ದಕ್ಕೆ ಕಾರಣವಿತ್ತು. ಅವರ ಮೇಜಿನ ಮೇಲಿಟ್ಟ ಕಾಗದ ಕಣ್ಣೆದುರೇ ಮಾಯವಾಗುತ್ತಿತ್ತು. ಈ ಹಾಳೆಯನ್ನೂ ನಾನು ಮರೆತು ಅಲ್ಲೇ ಇಟ್ಟೆ, ಮಾಯವಾಯಿತು. ಮಧ್ಯಾಹ್ನದ ಹೊತ್ತಿಗೆ ಕಾರ್ಬನ್ ಹಾಕಿ ಟೈಪು ಮಾಡಿದ ಮೂರು ಪ್ರತಿಗಳು ಸ್ಟಾಫ್ ರೂಮಿನಲ್ಲಿ ಓಡಾಡುತ್ತಿದ್ದವು. ವರ್ಷಕ್ಕೊಮ್ಮೆ ನೌಕರರ ಮೇಲೆ ಹೋಗುವ ಗುಪ್ತ ವರದಿಯನ್ನು ಸರ್ಕಾರ ಇನ್ನು ಮೇಲೆ ಕಂಪ್ಯೂಟರಿನಿಂದ ಬರೆಸುತ್ತದಂತೆ, ಅದಕ್ಕೇ ಇವನಿಗೆ ತರಬೇತಿ ಕೊಟ್ಟಿದ್ದಂತೆ ಎಂದು ಎಲ್ಲರೂ ತೀರ್ಮಾನಿಸಿದ್ದರು.

ಸಂಜೆ ಡ್ರಿಲ್ ಮೇಷ್ಟ್ರು ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ಮೆಣಸಿನಕಾಯಿ ಕೊಡಿಸಿದರು. ನನಗೆ ಆಗಲೇ ಗುಮಾನಿ. ಎರಡನೇ ಮೆಣಸಿನಕಾಯಿಗೆ ಬಾಯಿ ಬಿಟ್ಟರು. "ಬುದ್ಧಿ ಮೂರೇ ಏನ್ರೀ? ಎಸ್ಸೆಸ್ಸೆಲ್ಸಿ ಒಂದೇ ಸಲಕ್ಕೆ ಪಾಸಾದೋನು ನಾನು."

"ಅದು ಆಟ ಕಣ್ರೀ," ಎಂದೆ.

"ಎಲ್ಲಾರೂ ಹಂಗೇ ಅಂತಾರೆ. ಹೋಗ್ಲಿ, ಜಾಸ್ತಿ ಕೊಡ್ರಿ ಅಂತ ಕೇಳಾಕೆ ಬಂದಿಲ್ಲ. ಬಲದಾಗೆ ಏಳು ತೆಗೆದು ಬುದ್ಧಿಗೆ ಹಾಕ್ರಿ. ಟೋಟಲ್ ನಲವತ್ತೇ ಇರ್ತೈತೆ, ಮ್ಯಾಲಿನೋರಿಗೆ ಗೊತ್ತಾಗಲ್ಲ."

ಇಡೀ ಶಾಲೆಯಲ್ಲಿ ಆ ಆಟದ ನಿಯಮ ಒಂದೇ ಏಟಿಗೆ ತಿಳಿದುಕೊಂಡವರು ಅವರೊಬ್ಬರೇ. ಬುದ್ಧಿ ಮೂರು ಕೊಟ್ಟಿದ್ದಕ್ಕೆ ನನಗೇ ನಾಚಿಕೆಯಾಯಿತು.

೫. ಖಾಲಿ ಮನೆ

ಹೆಡ್ಮಾಸ್ಟರು ಮಾತ್ರ ಏನೂ ಕೇಳಲಿಲ್ಲ. ಎರಡು ದಿನ ನನ್ನನ್ನು ಕಂಡಾಗೆಲ್ಲ, ಮೇಲಧಿಕಾರಿಯನ್ನು ಕಂಡವರಂತೆ ಕೋಟಿನ ಗುಂಡಿ ಹಾಕಿಕೊಂಡರು. ಮೂರನೆಯ ದಿನ ನನ್ನನ್ನು ಜಗಳೂರು ಕಡೆಗೆ ವರ್ಗ ಮಾಡಬೇಕೆಂದು ಮೇಲಕ್ಕೆ ಬರೆದು, ಫೈಲನ್ನು ಇನ್ಸ್‌ಪೆಕ್ಷನ್ನಿಗೆ ಬರುವ ಸಾಹೇಬರ ಸಹಿಗೆ ತಯಾರು ಮಾಡಿಸಿದರು.

ಮನೆಯಲ್ಲಿ ಹೇಳಿದೆ. ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಮೂರು ವರ್ಷ ಬಸ್ಸಿನಾಗೆ ಸಂಸಾರ ಮಾಡಿದ್ದು ಸಾಲದಾ? ಈಗ ಒಂದು ಆಟಕ್ಕೋಸ್ಕರ ಮತ್ತೆ ಬಸ್ಸಾ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಣ್ಣಲ್ಲಿ ನೀರು ಹಾಕಿದಳು. ಹೆದರಿಕೆ ಎಂದರೇನು ಎಂದು ಆಗ ತಿಳಿಯಿತು.

ಮಾರನೆಯ ದಿನ ಸಮಾಧಾನ ಹೇಳಲು ಬಂದವರು ಗುಮಾಸ್ತರು. ಹೆಗಲ ಮೇಲೆ ಕೈ ಹಾಕಿ, "ಏನೂ ಯೋಚ್ನೆ ಮಾಡಬ್ಯಾಡ್ರಿ. ನಮ್ಮೂರು ಅದೇ ತಾಲ್ಲೂಕೇ, ಬಿಳಿಚೋಡು. ಬಾಳ ಒಳ್ಳೆ ಜನ," ಎಂದರು. ನನ್ನ ಕಣ್ಣು ತುಂಬಿ ಬಂತು. ಆಗ ಅವರು, "ನಮ್ಮ ಮನೆ ಖಾಲಿ ಐತೆ. ಬಾಡಿಗೆದಾರರು ಸಿಗದೇ ವರ್ಷಾತು. ಎಂದು ಬರ್ತೀರಿ ಹೇಳಿದ್ರೆ ಸುಣ್ಣ ಹೊಡಸ್ತೀನಿ," ಎಂದರು. ಹಾಳೆಯನ್ನು ಹೆಡ್ಮಾಸ್ಟರಿಗೆ ತೋರಿಸಿದ್ದು ಯಾರು ಎಂದು ನಾನು ಅವರನ್ನು ಕೇಳುವುದಕ್ಕೇ ಹೋಗಲಿಲ್ಲ.

೬. ಸಾಹೇಬರ ಹುಟ್ಟು

ಸಾಹೇಬರು ಹನ್ನೊಂದು ಗಂಟೆಗೆ ಬಂದರು. ಹೆಡ್ಮಾಸ್ಟರು ಹಾರ ಹಾಕುವ ಮೊದಲೇ ಹಾಳೆ ಮುಂದಿಟ್ಟರು. "ನೋಡ್ರಿ ಸಾರ್, ಸರ್ಕಾರದ ಮಿಷನ್ನಿನಾಗೆ ನನ್ನ ಕಳ್ಳ ಅಂತ ಬರದಾರೆ."

ಸಾಹೇಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು, ಇದು ಆಟ, ಬೀಗ ತೆಗೆಯುವವನಿಗೆ ಅದರಲ್ಲಿ ಆ ಹೆಸರು ಎಂದೆಲ್ಲ ವಿವರಿಸಿದೆ. ಅವರು ನಂಬಲಿಲ್ಲ. "ಬಾಯಿ ಮಾತು ಬ್ಯಾಡ. ನನ್ನ ಹಾಕಿ ತೋರಿಸ್ರಿ. ನನಗೇನು ಅಂತೈತೆ ನೋಡಾನ."

ಕುರ್ಚಿ ಎಳೆದುಕೊಂಡು ಕೂತರು. "ಬುದ್ಧಿ ಮೂವತ್ತು ಬರ್ಕಳಿ. ಧೈರ್ಯ ಮೂವತ್ತು."

"ಒಟ್ಟು ನಲವತ್ತೇ ಸಾರ್."

"ಅದು ಮೇಷ್ಟ್ರುಗಳಿಗೆ ಇರಬೇಕು. ಗೆಜೆಟೆಡ್ ಆಫೀಸರಿಗೂ ನಲವತ್ತೇ ಏನ್ರೀ?"

ಯಂತ್ರ ಜಗ್ಗಲಿಲ್ಲ. ಕೊನೆಗೆ ಬುದ್ಧಿ ಇಪ್ಪತ್ತು, ಧೈರ್ಯ ಹತ್ತೊಂಬತ್ತು, ಅದೃಷ್ಟ ಒಂದು ಎಂದು ಹಂಚಿದರು. ಬಲಕ್ಕೆ ಏನೂ ಉಳಿಯಲಿಲ್ಲ. "ಅದಕ್ಕೆ ಜವಾನ ಇರ್ತಾನೆ," ಎಂದರು. ಗುಹೆಯ ಬಾಗಿಲಲ್ಲೇ ಒಂದು ಇಲಿ ಅಡ್ಡ ಬಂತು. ಒಂದೇ ಕಡಿತಕ್ಕೆ ಸಾಹೇಬರು ತೀರಿಕೊಂಡರು.

ಹೆಡ್ಮಾಸ್ಟರು ಕೈಕಟ್ಟಿಕೊಂಡು, "ಛೇ, ಹಿಂಗಾಗಬಾರದಿತ್ತು ಸಾರ್," ಎಂದರು. ಸಾಹೇಬರು ನಿಧಾನಕ್ಕೆ ಅವರ ಕಡೆ ತಿರುಗಿದರು. "ಆ ಇಲಿ ಅಲ್ಲಿ ಐತೆ ಅಂತ ನಿಮಗೆ ಮೊದ್ಲೇ ಗೊತ್ತಿತ್ತೇನ್ರೀ?" ಆಮೇಲೆ ನನಗೆ, "ಇನ್ನೊಂದು ಸಲ ಹುಟ್ಟಿಸ್ರೀ."

ಅವತ್ತು ಹಾಜರಿ ಪುಸ್ತಕ ಯಾರೂ ನೋಡಲಿಲ್ಲ. ತರಿಸಿದ ಊಟ ಆರಿತು. ಸಾಹೇಬರು ನಾಲ್ಕು ಸಲ ಹುಟ್ಟಿದರು. ನಾಲ್ಕನೆಯ ಜನ್ಮದಲ್ಲಿ ಬಲಕ್ಕೂ ಹದಿನೈದು ಹಾಕಿ, ಇಲಿಗಳನ್ನು ದಾಟಿ, ಬಾವುಲಿಗಳನ್ನು ದಾಟಿ, ಒಂದು ಬಾವಿ ಕಂಡು ಒಳಗೇನಿದೆ ಎಂದು ಬಗ್ಗಿದರು. ಬಿದ್ದರು. ಸಾಯಲಿಲ್ಲ, ಮೊಣಕಾಲುದ್ದ ನೀರಿನಲ್ಲಿ ನಿಂತರು. ಮೇಲೆ ಬರಲು ಹಗ್ಗ ಬೇಕು. ನಾಲ್ಕೂವರೆಯಾಯಿತು, ಕರೆಂಟು ಹೋಗುವ ಹೊತ್ತು. ನಾನು ಅವರನ್ನು ಹಾಗೆಯೇ ಕ್ಯಾಸೆಟ್ಟಿಗೆ ತುಂಬಿಸಿದೆ.

ಆಗ ಹೆಡ್ಮಾಸ್ಟರು ನನ್ನ ವರ್ಗಾವಣೆಯ ಫೈಲು ಮುಂದಿಟ್ಟು ಪೆನ್ನು ಬಿಚ್ಚಿ ಕೊಟ್ಟರು. ಸಾಹೇಬರು ಕೆಂಡವಾದರು. "ನಾನು ಬಾವಿಯಾಗಿದೀನಿ, ನೀವು ಇವ್ರನ್ನ ಜಗಳೂರಿಗೆ ಕಳ್ಸಾಕೆ ಹೊಂಟೀರಾ? ನನ್ನ ಯಾರ್ರೀ ಮ್ಯಾಲೆ ಎತ್ತೋರು? ನಾನು ಮ್ಯಾಲೆ ಬರೋತನಕ ಈ ಫೈಲು ಮುಟ್ಟಬ್ಯಾಡ್ರಿ!"

ನಮ್ಮ ಗುಮಾಸ್ತರದು ಒಂದು ಪದ್ಧತಿ. ಸಾಹೇಬರ ಬಾಯಿಂದ ಬಂದದ್ದನ್ನು ಹಾಗೆಯೇ ಕಚೇರಿ ಕನ್ನಡಕ್ಕೆ ಇಳಿಸುವುದು. ಹೆಡ್ಮಾಸ್ಟರದು ಇನ್ನೊಂದು ಪದ್ಧತಿ. ಗುಮಾಸ್ತರು ಬೆರಳಿಟ್ಟ ಕಡೆ ಓದದೆ ಸಹಿ ಹಾಕುವುದು. ಸಾಹೇಬರಿಗೂ ಮೇಲಿನ ಕಚೇರಿಗೆ ಹೋದ ಪತ್ರ ಹೀಗಿತ್ತು: "ಮಾನ್ಯ ಅಧಿಕಾರಿಗಳು ತಪಾಸಣೆಯ ವೇಳೆ ಬಾವಿಗೆ ಬಿದ್ದು ಅಲ್ಲಿಯೇ ಇರುವುದರಿಂದ, ಸದರಿಯವರು ಮೇಲೆ ಬರುವವರೆಗೆ ವಿಜ್ಞಾನ ಶಿಕ್ಷಕರ ವರ್ಗಾವಣೆಯನ್ನು ತಡೆಹಿಡಿಯಲಾಗಿದೆ."

ಇಪ್ಪತ್ತು ದಿನಕ್ಕೆ ಉತ್ತರ ಬಂತು. "ಸದರಿ ಬಾವಿಗೆ ತಡೆಗೋಡೆ ಇದೆಯೇ? ತಪಾಸಣೆಯ ಪಟ್ಟಿಯಲ್ಲಿ ಬಾವಿ ಇಲ್ಲದಿರುವಾಗ ಅಧಿಕಾರಿಗಳು ಅದರೊಳಗೆ ಬಗ್ಗಿದ ಉದ್ದೇಶವೇನು? ಬಾವಿಯಲ್ಲಿರುವ ಅವಧಿಯನ್ನು ಯಾವ ರಜೆಗೆ ಸೇರಿಸಬೇಕು? ಕೂಡಲೇ ವಿವರಣೆ ಕಳುಹಿಸುವುದು." ಅದಕ್ಕೆ ವಿವರಣೆ ಬರೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಫೈಲು ಅಲ್ಲೇ ನಿಂತಿತು, ನಾನೂ ಅಲ್ಲೇ ನಿಂತೆ.

ಸಾಹೇಬರು ನಿವೃತ್ತರಾಗುವವರೆಗೂ ತಿಂಗಳಿಗೊಮ್ಮೆ ತಪ್ಪದೆ ಇನ್ಸ್‌ಪೆಕ್ಷನ್ನಿಗೆ ಬರುತ್ತಿದ್ದರು. ಜೀಪಿನಿಂದ ಇಳಿಯುವಾಗಲೇ, "ಹಗ್ಗ ಸಿಕ್ತೇನ್ರೀ?" ಎಂದು ಕೇಳುತ್ತಿದ್ದರು.

"ಹುಡುಕ್ತಾ ಇದೀನಿ ಸಾರ್," ಎನ್ನುತ್ತಿದ್ದೆ. ಅಷ್ಟರಲ್ಲಿ ನಮಗೆ ಮಗಳು ಹುಟ್ಟಿ, ಅವಳು ನಡೆಯುವುದನ್ನೂ ಕಲಿತಳು.

ಹಗ್ಗ ಬಾವಿಕಟ್ಟೆಯ ಹಿಂದೆಯೇ ಬಿದ್ದಿತ್ತು. ನಾನು ಮೊದಲ ವಾರವೇ ನೋಡಿದ್ದೆ.