ಕುಣಿತ ಬಾಕಿ

ನವಲಗುಂದ ತಾಲೂಕಿನ ಮೊಟ್ಟಮೊದಲ ಡಿಸ್ಕೊಥೆಕ್ ತೆರೆದವನು ನಮ್ಮ ಕಾಕಾ. ನಗಬೇಡಿ! ಅದರ ಬೋರ್ಡು ಬರೆದವನು ನಾನೇ. ಎಸೆಸೆಲ್ಸಿ ತನಕ ಓದಿದವ, ಅಕ್ಷರ ದುಂಡಗಿವೆ ಎಂದು ಕಾಕಾ ನನ್ನನ್ನು ಹೊಲದಿಂದ ಕರೆಸಿ ಕೈಗೆ ಕುಂಚ ಕೊಟ್ಟಿದ್ದ. ಕಾಕಾ ಹೋಗಿ ಇಂದಿಗೆ ತಿಂಗಳಾಯಿತು. ಅವನ ಬಗ್ಗೆ ಬರೆಯಲು ಕುಳಿತರೆ ಮೊದಲು ಕಣ್ಣಿಗೆ ಬರುವುದು ಆ ಬೋರ್ಡೇ.

ನಮ್ಮ ಶಲವಡಿಗೆ ಟೀವಿ ಇನ್ನೂ ಬಂದಿಲ್ಲ. ಬಸ್ಸು ನಿಲ್ಲುವ ಕಡೆ ಕಾಕಾನದೊಂದು ಚಾದಂಗಡಿ. ಚಾ, ಮಿರ್ಚಿ ಭಜಿ, ಜೊತೆಗೆ ಹುಬ್ಬಳ್ಳಿಯಿಂದ ತಂದ ಟೇಪ್ ರೆಕಾರ್ಡರಿನಲ್ಲಿ ದಿನವಿಡೀ ಭಜನಿ ಪದ. ಭಜಿ ಕಟ್ಟುವ ರದ್ದಿ ಪೇಪರನ್ನು ಪೂರ್ತಿ ಓದದೆ ಅವನು ಯಾರಿಗೂ ಕೊಟ್ಟವನಲ್ಲ.

"ಭಜಿ ಆರಾಕತ್ತಾವೋ ಮಾರಾಯಾ!" ಎಂದು ಗಿರಾಕಿ ಒದರಿದರೆ, "ತಡಿಯಪಾ, ಇನ್ನ ನಾಕ ಸಾಲು ಐತಿ" ಎನ್ನುತ್ತಿದ್ದ. ಒಮ್ಮೆಯಂತೂ ಅರ್ಧ ಓದಿದ ಸುದ್ದಿ ಭಜಿಯ ಸಂಗಡ ಬಸ್ಸು ಹತ್ತಿಬಿಟ್ಟಿತು. ಕಾಕಾನೂ ಹತ್ತಿದ! ಸುದ್ದಿ ಮುಗಿದಾಗ ಅಣ್ಣಿಗೇರಿ ಬಂದಿತ್ತು.

ಡಿಸ್ಕೊಥೆಕ್ ಎಂಬ ಶಬ್ದ ಅವನಿಗೆ ಸಿಕ್ಕದ್ದೂ ಅಂಥದೇ ಎಣ್ಣೆ ಹತ್ತಿದ ಪೇಪರಿನಲ್ಲಿ, ಮುಂಬೈ ಸುದ್ದಿಯೊಳಗೆ. ದಿನಾ ಚಾಕ್ಕೆ ಬರುತ್ತಿದ್ದ ನಿವೃತ್ತ ಮಾಸ್ತರರನ್ನು ಅರ್ಥ ಕೇಳಿದ. ಅವರು ಗೊತ್ತಿಲ್ಲದ್ದನ್ನು ಗೊತ್ತು ಎನ್ನುವವರಲ್ಲ. ಮನೆಗೆ ಹೋಗಿ ಡಿಕ್ಷನರಿ ತಂದರು.

"ಮಶೀನಿನ್ಯಾಗ ಹಾಡು ಹಚ್ಚಿರತಾರ. ತಿನ್ನಾಕ ಕುಡಿಯಾಕ ಸಿಗತೈತಿ. ಮಂದಿ ಬಂದು ಕುಣೀತಾರ. ಅಂಥಾ ಜಾಗಾ."

"ಹಾಡು ಐತಿ. ಭಜಿ ಐತಿ, ಚಾ ಐತಿ. ಅಂದರ ಸರ, ನಾಕ ವರ್ಷದಿಂದ ನಾ ಡಿಸ್ಕೊಥೆಕ್ ನಡಸಾಕತ್ತೇನಿ! ಒಬ್ಬರರ ಹೇಳಬಾರದನ್ರಿ?"

"ಕುಣಿಯೋರು ಎಲ್ಲಿ ಅದಾರೋ?"

ಮರುದಿನ ಕಾಕಾ ನನ್ನಿಂದ ದೊಡ್ಡ ಅಕ್ಷರದಲ್ಲಿ 'ಡಿಸ್ಕೊಥೆಕ್' ಎಂದು ಬರೆಸಿ, ಕೆಳಗೆ ಬಳಪದಿಂದ ಇನ್ನೊಂದು ಸಾಲು ಸೇರಿಸು ಎಂದ: 'ಕುಣಿತ ಬಾಕಿ.' ಬೋರ್ಡು ಸುಳ್ಳು ಹೇಳಬಾರದು ಎಂಬುದು ಅವನ ಹಟ. ಗಿರಾಕಿಯೊಬ್ಬ ಕುಣಿದ ದಿನ ಮಾಸ್ತರರೇ ಆ ಸಾಲು ಅಳಿಸಬೇಕೆಂದು ಇಬ್ಬರಲ್ಲಿ ಕರಾರಾಯಿತು.

"ಮಂದಿ ಬೋರ್ಡಿನ ಮ್ಯಾಲೆ ಹೇಣ್ತಿ ಹೆಸರು ಬರಸತಾರ. ನೀವು ಇದನ್ನ ಬರಸೀರಿ!" ಎಂದು ಕಾಕು ಎರಡು ದಿನ ಮಾತು ಬಿಟ್ಟಳು. ಅಜ್ಜಿಯೊಬ್ಬಳು ಹೊಸ ಸರಕಾರಿ ಆಫೀಸು ಬಂತೆಂದು ರೇಶನ್ ಕಾರ್ಡು ಹಿಡಿದು ಬಂದಳು. ಕಾಕಾ ಆಕೆಗೆ ಚಾ ಕುಡಿಸಿ, ಪಂಚಾಯತಿಯ ದಾರಿ ತೋರಿಸಿದ. ಕುಣಿತದ ಮಾತು ಮಾತ್ರ ಆಕೆಯ ಮುಂದೆ ಎತ್ತಲಿಲ್ಲ.

ಒಂದು ದಿನ ಒಲೆಯ ಕೆಂಡ ಸಿಡಿದು ಗಿರಾಕಿಯೊಬ್ಬನ ಪಾದದ ಮೇಲೆ ಬಿತ್ತು. ಅವನು ಒಂಟಿಗಾಲಲ್ಲಿ ನಾಲ್ಕು ಸುತ್ತು ಹಾಕಿದ. ಕಾಕಾ ಮಾಸ್ತರರ ಮನೆಗೆ ಓಡಿದ.

"ಸರ, ಕುಣಿದ್ರು!"

"ಅದು ಕುಣಿಯೋದಲ್ಲಲೇ, ಸುಟಗೊಂಡಿದ್ದು. ಮೊದಲ ಅವನ ಕಾಲಿಗೆ ನೀರು ಹಾಕು ಹೋಗು."

"ಹಂಗಾರ ನೀವರ ಎರಡು ಹೆಜ್ಜಿ ಹಾಕ್ರಿ."

"ನನಗ ಕೋಲು ಹಿಡಕೊಂಡು ನಿಂದ್ರೂದ ಕಷ್ಟ ಆಗೇತಿ. ನೀನ ಕುಣಿ."

"ಮಾಲಕ ಕುಣಿದ್ರ ಹೆಂಗ್ರಿ? ಗಿರಾಕಿ ಕುಣೀಬೇಕು!"

ಹೀಗೆ ಮೂರು ಮಳೆಗಾಲ ಕಳೆದವು. ಮಳೆಗೆ ಆ ಸಾಲು ತೊಳೆದುಹೋದಾಗಲೆಲ್ಲ ನನ್ನನ್ನು ಕರೆಸುತ್ತಿದ್ದ. "ಇರಲಿ ಬಿಡು ಕಾಕಾ, ತಾನ ಅಳಿಸೇತಿ" ಎಂದರೆ, "ಮಳಿ ಅಳಿಸಿದ್ದು ನಡೆಯೂದಿಲ್ಲಲೇ, ಮಾಸ್ತರ ಅಳಿಸಬೇಕು" ಎನ್ನುತ್ತಿದ್ದ.

ಹೋದ ತಿಂಗಳು ಒಂದು ಮುಂಜಾನೆ ಒಲೆ ಹಚ್ಚಲು ಬಗ್ಗಿದವನು ಮೇಲೇಳಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡ್ರಿಸುತ್ತೇವೆ. ಹೊತ್ತೊಯ್ಯುವ ತನಕ ಮುಂದೆ ಭಜನೆ ನಡೆಯುತ್ತದೆ. "ಅಂಗಡಿ ಮುಂದ ಕುಂಡ್ರಸ್ರಿ. ಅಲ್ಲೇ ಇದ್ದವರು ಅವರು" ಎಂದಳು ಕಾಕು. ಬೋರ್ಡಿನ ಕೆಳಗೇ ಕೂಡ್ರಿಸಿದೆವು. ಭಜನಿಯವರು ಹೊಲದಿಂದ ಬರುವುದು ತಡವಾಯಿತು. ಕಾಕಾ ಸುಮ್ಮನೆ ಕುಳಿತಿರುವುದನ್ನು ನೋಡಲಾರದೆ ಕಾಕು, "ಟೇಪ್ ಹಚ್ಚೋ ತಮ್ಮಾ" ಎಂದಳು. ಹಚ್ಚಿದೆ. ಬಾಜು ಮನೆಯವರು ಎಲ್ಲರಿಗೂ ಚಾ ತಂದರು.

ಮಧ್ಯಾಹ್ನ ಭಜನಿಯವರು ಬಂದರು. ಟೇಪು ಬಂದ್ ಮಾಡಲು ಯಾರಿಗೂ ಮನಸ್ಸಾಗಲಿಲ್ಲ. ಅದೇ ಪದಕ್ಕೆ ತಾಳ ಹಿಡಿದರು, ದಮ್ಮಡಿ ಬಡಿದರು. ವಾಡಿಕೆಯಂತೆ ಹೆಜ್ಜೆ ಹಾಕುತ್ತ ಸುತ್ತತೊಡಗಿದರು. ಎಲ್ಲರೂ ಕಾಕಾನ ಗಿರಾಕಿಗಳೇ.

ಮಾಸ್ತರರು ಬಹಳ ಹೊತ್ತು ಬೋರ್ಡು ನೋಡುತ್ತ ನಿಂತಿದ್ದರು. ಆಮೇಲೆ ತಮ್ಮ ಕೋಲು ನನ್ನ ಕೈಗೆ ಕೊಟ್ಟು, ಸುತ್ತಿನೊಳಗೆ ಹೋಗಿ, ನಡುಗುವ ಕಾಲಲ್ಲಿ ಎರಡು ಹೆಜ್ಜೆ ಹಾಕಿದರು. ಅಲ್ಲಿಯ ತನಕ ಅಳದೆ ಕುಳಿತಿದ್ದ ಕಾಕು, "ನೋಡ್ರೀ, ಮಾಸ್ತರ ಕುಣಿದ್ರು" ಎಂದು ಕಾಕಾನ ಕಿವಿಯಲ್ಲಿ ಹೇಳಿ ಗೊಳೋ ಎಂದಳು.

ಮಾಸ್ತರರು ಹೆಗಲ ಮೇಲಿನ ವಲ್ಲಿ ತೆಗೆದು, ಕೈ ಎತ್ತಿ, ಆ ಸಾಲನ್ನು ಅಳಿಸಿದರು. ಬಳಪದ ಬಿಳಿ ಪುಡಿ ಕಾಕಾನ ಹೆಗಲ ಮೇಲೆ, ವಿಭೂತಿಯ ಮೇಲೆ ಬಿತ್ತು. ಯಾರೂ ಕೊಡವಲಿಲ್ಲ.