ಬದನೆ ಗಿಡದ ಹೇನು ಮತ್ತು ನನ್ನ ಎರಡು ಕಣ್ಣು

ನನ್ನ ಕಣ್ಣುಗಳನ್ನು ನಾನೇ ಹೊಗಳಿಕೊಳ್ಳಬಾರದು, ಆದರೂ ಹೊಗಳುತ್ತೇನೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ನನಗೆ ಒಂದೇ ಕೆಲಸ: ರಾಶಿಯ ಮುಂದೆ ನಿಂತು, ಬಣ್ಣ ನೋಡಿ, ಇದು ಯಾವ ದರ್ಜೆಯ ಮಾಲು ಎಂದು ಹೇಳುವುದು. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಹೊಸದೋ ಹಳೆಯದೋ, ಅಪ್ಪಟವೋ ಬೆರಕೆಯೋ, ಹತ್ತು ಹೆಜ್ಜೆ ದೂರದಿಂದಲೇ ಹೇಳಿಬಿಡುತ್ತೇನೆ. ಸಾಹುಕಾರರು ಸಂಬಳ ಕೊಡುವುದು ಈ ಎರಡು ಕಣ್ಣಿಗೆ. ಉಳಿದ ದೇಹ ಅವುಗಳ ಜೊತೆ ಪುಕ್ಕಟೆ ಹೋಗುತ್ತದೆ!

ಇಂಥ ನಾನು ಪರಿಸರಸ್ನೇಹಿ ಜೀವನಕ್ಕೆ ಇಳಿದದ್ದು ಭೂಮಿತಾಯಿಯ ಮೇಲಿನ ಪ್ರೀತಿಯಿಂದ ಎಂದು ನಮ್ಮ ಓಣಿಯವರು ನಂಬಿದ್ದಾರೆ. ಸುಳ್ಳು. ಪ್ರಾಣಭಯದಿಂದ! ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ ಸೋಪು, ಸೊಳ್ಳೆಬತ್ತಿ, ಪ್ಲಾಸ್ಟಿಕ್ ಡಬ್ಬಿ, ಪೇಟೆಯ ತರಕಾರಿ ಎಲ್ಲವನ್ನೂ ಒಂದೊಂದಾಗಿ ತೋರಿಸಿ "ಇದೂ ವಿಷ, ಇದೂ ವಿಷ" ಎನ್ನುತ್ತ ಹೋದ. ವಿಡಿಯೋ ಮುಗಿಯುವ ಹೊತ್ತಿಗೆ ನಾನು ಅರ್ಧ ಸತ್ತಿದ್ದೆ.

ಮರುದಿನ ಬೆಳಿಗ್ಗೆಯೇ ಘೋಷಿಸಿದೆ. "ಗಿರಿಜಾ, ಇವತ್ತಿನಿಂದ ನಮ್ಮ ಮನ್ಯಾಗ ವಿಷ ಬಂದ್!"

ನನ್ನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಆತ್ರಿ. ಮೊದಲ ಆ ಮೊಬೈಲ್ ಬಂದ್ ಮಾಡ್ರಿ."

ಸೋಪು ಹೋಯಿತು, ಅಂಟವಾಳಕಾಯಿ ಬಂತು. ಸೊಳ್ಳೆಬತ್ತಿ ಹೋಯಿತು, ಸೊಳ್ಳೆ ಬಂತು. ಸ್ಕೂಟರು ಮೂಲೆ ಸೇರಿತು, ನಾನು ಸೈಕಲ್ ಏರಿದೆ. ನೀರು ತಲೆಗೆ ಒಂದೇ ಬಕೆಟ್ ಎಂದು ಕಾನೂನು ಮಾಡಿ, ಮಾಳಿಗೆಯ ಮೇಲಿನ ನಲ್ಲಿಯನ್ನು ಯಾರೂ ತಿರುಗಿಸದಂತೆ ತಂತಿ ಸುತ್ತಿ ಬಿಗಿದೆ. ಬಟ್ಟೆ ಒಗೆದ ಅಂಟವಾಳದ ನೀರನ್ನೂ ಚೆಲ್ಲದೆ ಒಂದು ಬಕೆಟಿನಲ್ಲಿ ಹಿಡಿದು ಗಿಡಗಳಿಗೆಂದು ಮೇಲಿಟ್ಟೆ. ಈ ಬಕೆಟ್ಟನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನು ಮರೆತೆ.

ಮೂರು ವಾರದಲ್ಲಿ ಪರಿಸರ ಎಷ್ಟು ಸುಧಾರಿಸಿತೋ ಗೊತ್ತಿಲ್ಲ, ನನ್ನ ಮೊಣಕಾಲು ಊದಿತು. ಒಂದೊಂದು ಸೊಳ್ಳೆ ಕಚ್ಚಿದಾಗಲೂ ಇದೇ ಡೆಂಗ್ಯೂ ಎಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ನಿದ್ದೆಯಂತೂ ಇಲ್ಲವೇ ಇಲ್ಲ.

"ಪರಿಸರ ಉಳಿತೈತ್ರಿ," ಎಂದಳು ಗಿರಿಜಾ, ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತ. "ಅದನ್ನ ನೋಡಾಕ ನೀವ ಇರಂಗಿಲ್ಲ."

ಪೇಟೆಯ ತರಕಾರಿ ಬಿಟ್ಟಿದ್ದರಿಂದ ನನ್ನ ಸಮಸ್ತ ಆಸೆ ಮಾಳಿಗೆಯ ಮೇಲೆ ಹಳೆಯ ಬಕೆಟುಗಳಲ್ಲಿದ್ದ ಆರು ಬದನೆ ಗಿಡಗಳ ಮೇಲೆ ನಿಂತಿತ್ತು. ಒಂದು ಭಾನುವಾರ ಎಲೆ ಮಗುಚಿ ನೋಡಿದರೆ ಹಿಂಬದಿಯ ತುಂಬ ಹೇನು! ಗಿರಿಜಾಳನ್ನು ಕೂಗಿ ಕರೆದೆ.

"ಅದಕ್ಕೇನ್ರಿ, ಒಂದೀಟು ನೀರು ಹಾಕಿ ಬೆರಳಿಲೆ ಒರಸಿದ್ರ ಹೋಗ್ತಾವು," ಎಂದಳು ಗಿರಿಜಾ.

"ನೀರು? ನೀರು ಉಳಸಾಕತ್ತೇವಿ ನಾವು!"

ಮೊಬೈಲು ತೆರೆದೆ. ಸಾವಯವ ಔಷಧ ಸಿಕ್ಕಿತು: ಬೆಳ್ಳುಳ್ಳಿ ಮತ್ತು ಒಂದು ಹಿಡಿ ಒಣಮೆಣಸಿನಕಾಯಿ ಕುದಿಸಿ, ಸೋಸಿ, ಸಿಂಪಡಿಸಿ. ನನಗೆ ನಗು ಬಂತು. ಬ್ಯಾಡಗಿಯವನಿಗೆ ಮೆಣಸಿನಕಾಯಿಯ ಪಾಠವೇ! ಒಂದು ಹಿಡಿ ಅಂತೆ! ನಮ್ಮೂರ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹೇನು ಸಾಯಬೇಕಾದರೆ ಗುಂಟೂರಿನ ಖಾರದ ಕಾಯಿಯೇ ಬೇಕು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಬಣ್ಣವಿಲ್ಲದ ಖಾರ ಮಾಡಲು ಇಪ್ಪತ್ತೈದು ವರ್ಷದ ಅಭ್ಯಾಸ ಬಿಡಲಿಲ್ಲ. ಅರ್ಧ ಗುಂಟೂರು ಖಾರಕ್ಕೆ, ಅರ್ಧ ಬ್ಯಾಡಗಿ ಡಬ್ಬಿ ಬಣ್ಣಕ್ಕೆ, ಸೇರಿಸಿಬಿಟ್ಟೆ. ಹೇನುಗಳೇನು ಬಣ್ಣ ನೋಡಿ ಸಾಯುತ್ತವೆಯೇ? ಆ ಪ್ರಶ್ನೆ ಆಗ ಹೊಳೆಯಲಿಲ್ಲ.

ಪಾತ್ರೆ ಕುದಿಯಿತು. ಗಿರಿಜಾ ಕೆಮ್ಮುತ್ತ ಅಂಗಳಕ್ಕೆ ಓಡಿದಳು. ಪಕ್ಕದ ಮನೆಯ ಆಟೋ ಮೆಹಬೂಬಸಾಬ್ ಗೋಡೆಯಾಚೆಯಿಂದ ನಾಲ್ಕು ಸಲ ಸೀನಿ ಕೂಗಿದ. "ಏನ್ರೀ ಯಜಮಾನ್ರ, ಇಡೀ ಓಣಿಗೇ ದೃಷ್ಟಿ ತಗಿಯಾಕತ್ತೀರೇನು?"

"ಔಷಧರೀ ಸಾಬ್ರ! ನೈಸರ್ಗಿಕ!"

"ಹಂಗಾರ ನಿಸರ್ಗಕ್ಕ ಸ್ವಲ್ಪ ಸಾವಕಾಶ ಕುದಿಯಾಕ ಹೇಳ್ರಿ!"

"ಅರಿವ್ಯಾಗ ಸೋಸ್ರಿ, ಬೀಜ ಉಳಿತಾವು," ಎಂದಳು ಗಿರಿಜಾ ಬಾಗಿಲ ಹೊರಗಿನಿಂದ. ಬಟ್ಟೆ ಒಗೆಯಲು ಮತ್ತೆ ನೀರು ಖರ್ಚಲ್ಲವೇ? ಚಹಾ ಸೋಸುವ ಜರಡಿಯಲ್ಲೇ ಸೋಸಿದೆ. ಹಳೆಯ ಪಿಚಕಾರಿ ಬಾಟಲಿಗೆ ತುಂಬಿಸಿಕೊಂಡು ಯುದ್ಧಕ್ಕೆ ಹೊರಟವನಂತೆ ಮಾಳಿಗೆ ಏರಿದೆ.

ಮೊದಲನೇ ಗಿಡದ ಮುಂದೆ ಕುಳಿತು ಒತ್ತಿದೆ. ಬರಲಿಲ್ಲ. ಮತ್ತೆ ಒತ್ತಿದೆ. ತೂತಿನಲ್ಲಿ ಬೀಜ ಸಿಕ್ಕಿಕೊಂಡಿತ್ತು. ಎಂಥ ಬೀಜ, ಎಷ್ಟು ಸಿಕ್ಕಿದೆ? ದರ್ಜೆ ನೋಡುವ ಚಟ! ಬಾಟಲಿಯನ್ನು ತಿರುಗಿಸಿ, ಕಣ್ಣಿನ ಹತ್ತಿರ ಹಿಡಿದು, ಇನ್ನೊಂದು ಸಲ ಬಲವಾಗಿ ಒತ್ತಿದೆ.

ಬಂತು!

ಅಯ್ಯೋ ಶಿವನೇ, ಆ ಉರಿಯನ್ನು ಏನೆಂದು ಹೇಳಲಿ! ಎರಡೂ ಕಣ್ಣಿಗೆ ಕೆಂಡ ತುರುಕಿದಂತಾಯಿತು. ಕುರುಡನಂತೆ ತಡಕಾಡಿ ನಲ್ಲಿ ಹಿಡಿದೆ. ತಂತಿ! ನಾನೇ ಬಿಗಿದ ತಂತಿ! ಪಕ್ಕದಲ್ಲಿ ಕೈಗೆ ಬಕೆಟ್ ತಾಗಿತು. ದೇವರೇ ಇಟ್ಟ ನೀರೆಂದು ಬೊಗಸೆ ತುಂಬಿ ಕಣ್ಣಿಗೆ ಎರಚಿಕೊಂಡೆ. ಅದು ಅಂಟವಾಳದ ನೀರು!

"ಸತ್ತ್ನೆಪ್ಪೋ!" ಎಂದು ಕೂಗುತ್ತ ಮೆಟ್ಟಿಲನ್ನು ಕೂತುಕೊಂಡೇ ಇಳಿದೆ. ಬಾಟಲಿಯ ಉಳಿದ ಔಷಧವೆಲ್ಲ ಬಿಳಿ ಅಂಗಿಯ ಮೇಲೆ ಚೆಲ್ಲಿತ್ತು. ಬ್ಯಾಡಗಿಯ ಬಣ್ಣ ತನ್ನ ಕೆಲಸ ಮಾಡಿತ್ತು. ಮೆಹಬೂಬಸಾಬನ ಹೆಂಡತಿ ನನ್ನನ್ನು ನೋಡಿದವಳೇ ಕಿರುಚಿದಳು. "ಯಾ ಅಲ್ಲಾ! ಯಜಮಾನ್ರಿಗೆ ಯಾರೋ ಚಾಕು ಹಾಕ್ಯಾರ!"

ಓಣಿ ಸೇರಿತು. ಯಾರೋ ಗಾಯ ಹುಡುಕಿದರು, ಯಾರೋ ಚಾಕು ಹಾಕಿದವನನ್ನು ಹುಡುಕಿದರು. ಮೆಹಬೂಬಸಾಬ್ ಮಾತ್ರ ಮೂಸಿ ನೋಡಿ, "ರಕ್ತ ಅಲ್ಲಪ್ಪಾ, ಚಟ್ನಿ!" ಎಂದು ನನ್ನನ್ನು ಎತ್ತಿ ಆಟೋದಲ್ಲಿ ಕೂರಿಸಿದ. "ಪೆಟ್ರೋಲ್ ಗಾಡಿ ಐತ್ರಿ. ನಡಿತೈತೋ, ಸೈಕಲ್ ತರಲೋ?"

"ಲಗೂ ಹೊಡಿಯೋ ಮಾರಾಯಾ!"

ಆಟೋದಲ್ಲಿ ನಗು ಅಡಗಿತು. ರೆಪ್ಪೆ ತೆರೆಯಲು ಬರುತ್ತಿರಲಿಲ್ಲ. ನಾಳೆ ಸೋಮವಾರ, ಪೇಟೆಯ ದಿನ. ಅಂಗಳದ ತುಂಬ ಕೆಂಪು ರಾಶಿ, ನನಗೆ ಮಾತ್ರ ಕತ್ತಲೆ. ಕಣ್ಣು ಹೋದ ದರ್ಜೆಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಬೇರೆ ಏನು ಕಲಿಯಲಿ? "ಗಿರಿಜಾ, ನನಗ ಕಾಣಂಗಿಲ್ಲ," ಎಂದೆ. "ಏನೂ ಆಗಂಗಿಲ್ಲ, ಸುಮ್ಮನ ಕುಂದ್ರಿ," ಎಂದು ಅವಳು ನನ್ನ ಕೈ ಹಿಡಿದಳು. ಮರುಕ್ಷಣವೇ ಮೆಹಬೂಬಸಾಬನಿಗೆ, "ಇನ್ನೂ ಲಗೂ ಹೊಡೀರಿ!" ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳು ಹೀಗೆ ಅವಸರಿಸಿದ್ದನ್ನು ಕಂಡಿರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಆಸ್ಪತ್ರೆಯಲ್ಲಿ ಸಲೈನ್ ಹಾಕಿ ಕಣ್ಣು ತೊಳೆದರು. ಒಂದು ಬಾಟಲಿ, ಎರಡು, ಮೂರು. ಎಲ್ಲವೂ ಪ್ಲಾಸ್ಟಿಕ್! ನಳಿಕೆ, ಕೈಗವಸು, ಹಾಸಿದ ಹಾಳೆ, ಅವೂ ಪ್ಲಾಸ್ಟಿಕ್! ಮೂರು ವಾರ ನಾನು ಉಳಿಸಿದ ಭೂಮಿ ಅರ್ಧ ಗಂಟೆಯಲ್ಲಿ ಕಸದ ಬುಟ್ಟಿಗೆ ಹೋಯಿತು. ನಾನು ಮನಸ್ಸಿನಲ್ಲಿ "ಇನ್ನೊಂದು ಹಾಕ್ರಿ, ಇನ್ನೊಂದು" ಎನ್ನುತ್ತಿದ್ದೆ.

"ಈಗ ಕಣ್ಣ ತಗೀರಿ," ಎಂದರು ಡಾಕ್ಟರು. "ಏನ್ ಕಾಣಸ್ತೈತಿ?"

ಹೆದರುತ್ತ ತೆರೆದೆ. ಮಂಜು ಮಂಜು. ಎದುರಿಗೆ ಏನೋ ಕೆಂಪಗಿತ್ತು. ಗಿರಿಜಾ ಕೈಯಲ್ಲಿ ಹಿಡಿದಿದ್ದ ನನ್ನ ಅಂಗಿ. ಕಣ್ಣು ಕಿರಿದು ಮಾಡಿ ನೋಡಿದೆ.

"ಡಬ್ಬಿ ಐತ್ರಿ," ಎಂದೆ. "ಆದ್ರ ಅಪ್ಪಟ ಅಲ್ಲ. ಗುಂಟೂರು ಬೆರಕಿ ಐತಿ."

ಗಿರಿಜಾ ಅಂಗಿಯಲ್ಲೇ ಮುಖ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಮರುಕ್ಷಣ ಅಂಗಿಯ ಘಾಟಿಗೆ ಅವಳೂ ಸೀನತೊಡಗಿದಳು.

ಮನೆಗೆ ಬಂದ ಮೇಲೆ ಅವಳು ಮೊದಲು ನಲ್ಲಿಯ ತಂತಿ ಬಿಚ್ಚಿದಳು. ಪಾತ್ರೆ ತೊಳೆಯಲು ಇಟ್ಟಿದ್ದ ಒಂದು ತಂಬಿಗೆ ನೀರಿನಲ್ಲಿ ಆರೂ ಗಿಡದ ಎಲೆಗಳನ್ನು ಬೆರಳಿನಿಂದ ಒರೆಸಿದಳು. ಹೇನು ಹೋದವು. ಅಷ್ಟೇ! ಸೋಮವಾರ ಕಪ್ಪು ಕನ್ನಡಕ ಹಾಕಿಕೊಂಡು ಪೇಟೆಗೆ ಹೋದೆ. ರೈತನೊಬ್ಬ ಹಿಡಿ ಮೆಣಸಿನಕಾಯಿ ಮುಖದ ಮುಂದೆ ಹಿಡಿದಾಗ ಎರಡು ಹೆಜ್ಜೆ ಹಿಂದೆ ಹಾರಿದೆ. ಸಾಹುಕಾರರು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು, ಅದೇ ದೊಡ್ಡ ಉಪಕಾರ.

ಈಗ ಸೈಕಲ್ಲು ಹತ್ತಿರದ ಕೆಲಸಕ್ಕೆ, ಸ್ಕೂಟರು ದೂರಕ್ಕೆ. ಮಲಗಲು ಸೊಳ್ಳೆಪರದೆ ಇದೆ, ನಿದ್ದೆಯೂ ಇದೆ. ಆ ಪಿಚಕಾರಿ ಬಾಟಲಿಯನ್ನು ಮಾತ್ರ ಗಿರಿಜಾ ಬಿಸಾಡಿಲ್ಲ. ಪ್ಲಾಸ್ಟಿಕ್ ಬಿಸಾಡಬಾರದಂತೆ! ತೊಳೆದು ನನ್ನ ಕುರ್ಚಿಯ ಎದುರಿನ ಗೋಡೆಯ ಮಾಡದಲ್ಲಿ ಇಟ್ಟಿದ್ದಾಳೆ. ನಾನು ಮೊಬೈಲು ನೋಡಿ "ಗಿರಿಜಾ, ನಾಳಿಂದ ನಾವು..." ಎಂದು ಬಾಯಿ ತೆರೆದರೆ ಸಾಕು, ಅವಳು ಆ ಬಾಟಲಿಯ ಕಡೆ ನೋಡುತ್ತಾಳೆ.

ನಾನು ತಕ್ಷಣ ಮುಚ್ಚುತ್ತೇನೆ. ಬಾಯನ್ನು ಆಮೇಲೆ, ಮೊದಲು ಕಣ್ಣನ್ನು!